ಹೆಸರು ಹೇಳಿ ಇಟ್ಟ ಕಲ್ಲು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ಹಾಲಿಗೆ ಸಾಲು ನಿಂತಿದ್ದ ಹೊತ್ತು. ಎದುರು ಗುಡ್ಡದ ಮಂಜು ಅರ್ಧ ಕರಗಿತ್ತು, ಅರ್ಧ ಹಾಗೇ ಕೂತಿತ್ತು. ಆಗಲೇ ಇದು ಶುರುವಾದದ್ದು. ನಾಲ್ಕನೇ ಕ್ಲಾಸಿನ ಮಹಿಮಾ ಕೈಗೆ ಬಂದ ಹಾಲಿನ ಲೋಟ ಎತ್ತಿ, ಜಗಲಿಯ ಗೋಡೆಗೆ ಹೊಸದಾಗಿ ತಗುಲಿಸಿದ್ದ ಫೋಟೋಕ್ಕೆ ಬೀಸಿ ಹೊಡೆದಳು.

ಫೋಟೋದಲ್ಲಿ ಯಜ್ಞೇಶಯ್ಯ ನಗುತ್ತಿದ್ದರು. ಹಾಲು ಅವರ ಹಣೆಯಿಂದ ಮೀಸೆಗೆ, ಮೀಸೆಯಿಂದ ಹೆಗಲಿನ ಶಾಲಿಗೆ ಇಳಿಯಿತು. ನಗು ಮಾತ್ರ ಹಾಗೇ ಇತ್ತು.

ಹಾಲು ಕಾಯಿಸಿ ಕೊಡುತ್ತಿದ್ದವಳು ಭೈರಮ್ಮ. ಆ ಶಾಲೆಯ ಅಡುಗೆಯವಳು, ಮಹಿಮಾಳ ಅಜ್ಜಿ. ಸೌಟು ಕೈಯಲ್ಲೇ ಉಳಿಯಿತು. ಪುಡಿ ಹಾಲು ಗೋಡೆಯ ಸುಣ್ಣಕ್ಕೆ ತಾಗಿ ಒಂಥರಾ ಹುಳಿ ವಾಸನೆ ಎದ್ದಿತು. ಮೊಮ್ಮಗಳನ್ನು ಬೈಯಬೇಕು ಅಂತ ಬಾಯಿ ತೆರೆದವಳು ಬೈಯಲಿಲ್ಲ. ಹುಡುಗಿ ಯಾಕೆ ಹೊಡೆದಳು ಅಂತ ಅವಳಿಗೆ ಗೊತ್ತಿತ್ತು.

ಮೇಗುಂದದಿಂದ ಒಳಕ್ಕೆ ಹೋಗುವ ರಸ್ತೆಯ ಕೊನೆಗಿರುವ ಸಣ್ಣ ಶಾಲೆ ಅದು. ಯಜ್ಞೇಶಯ್ಯ ಶಾಲೆ ನೋಡಿಕೊಳ್ಳುವ ಎಸ್‌ಡಿಎಂಸಿ ಕಮಿಟಿಯ ಅಧ್ಯಕ್ಷರು. ವರ್ಷಾ ವರ್ಷಾ ಚಳಿ ಶುರುವಾಗುವಾಗ ಮಕ್ಕಳಿಗೆ ಸ್ವೆಟರ್ ಹಂಚುತ್ತಾರೆ. ಕೊಡುವುದಕ್ಕೆ ಒಂದು ಗಳಿಗೆ, ಫೋಟೋ ತೆಗೆಸಿಕೊಳ್ಳುವುದಕ್ಕೆ ಒಂದು ಬೆಳಗು. ಈ ಸಲ ಮಹಿಮಾ ಕೆಂಪು ಫ್ರಾಕ್ ಹಾಕಿಕೊಂಡು ಬಂದಿದ್ದಳು. ಅವಳಿಗೆ ಅಪ್ಪ ಇಲ್ಲ. ಅಮ್ಮ ಗಂಗಾಲಕ್ಷ್ಮಿ ಬಾಳೆಹೊನ್ನೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ಬಂದಾಗ ತಂದುಕೊಟ್ಟ ಫ್ರಾಕು ಅದು. ಯಜ್ಞೇಶಯ್ಯ ಅದನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ಮಾರಾಯ್ರೇ ಇದು? ಈ ಕೂಸು ಹೀಂಗೆ ಮದುವೆ ಮನೆಗೆ ಬಂದಾಂಗೆ ಬಂದ್ರೆ ಸ್ವೆಟರ್ ಕೊಟ್ಟದ್ದು ಯಾಕೆ ಅಂತ ಕೇಳ್ತಾರೆ ಜನ."

ಹಾಗಂದವರೇ ಅಡುಗೆಮನೆಗೆ ನುಗ್ಗಿ, ಮೊಳೆಗೆ ಸಿಕ್ಕಿಸಿದ್ದ ಹಳೇ ಅಂಗಿಯೊಂದನ್ನು ಎಳೆದು ತಂದರು. ಭೈರಮ್ಮ ಬಿಸಿ ಪಾತ್ರೆ ಇಳಿಸುವ ಮಸಿ ಅರಿವೆ ಅದು. ಬೆನ್ನಿಗೆ ತೂತು, ತೋಳಿಗೆ ಸಾರಿನ ಕಲೆ. ಮಕ್ಕಳೆಲ್ಲ ನೋಡುತ್ತಿದ್ದ ಹಾಗೇ ಮಹಿಮಾಳ ಕೆಂಪು ಫ್ರಾಕ್ ಬಿಚ್ಚಿಸಿ ಆ ಅರಿವೆ ತೊಡಿಸಿದರು. "ಹಾಂ, ಈಗ ನೋಡು. ಸ್ವಲ್ಪ ಮುಖ ಸಣ್ಣ ಮಾಡು. ಹಾಂಗೆ, ಹಾಂಗೆ!" ಕ್ಯಾಮೆರಾ ಟಕ್ ಅಂದಿತು. ಭೈರಮ್ಮ ಆ ಕೆಂಪು ಫ್ರಾಕನ್ನು ಮಡಚಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಆ ಫೋಟೋವನ್ನೇ ಹೆಡ್‌ಮೇಷ್ಟ್ರು ರವಿಶಂಕರ ದೊಡ್ಡದು ಮಾಡಿಸಿ ಗೋಡೆಗೆ ಹಾಕಿಸಿದ್ದು.

ಹಾಲು ಒರೆಸುತ್ತಾ ಹೆಡ್‌ಮೇಷ್ಟ್ರು ಹೇಳಿದರು, "ಈ ಹುಡುಗಿಗೆ ಕೋಪದ ಕಾಯಿಲೆ ಉಂಟು ಭೈರಮ್ಮ. ಮೊನ್ನೆ ಯಾರಿಗೋ ಕಚ್ಚಿದ್ಲು, ಇವತ್ತು ಅಧ್ಯಕ್ಷರಿಗೇ ಹಾಲು ಹೊಡೆದ್ಲು. ಹೀಂಗೇ ಬಿಟ್ರೆ ನಾಳೆ ಎಂತ ಆಗ್ತದೆ?"

"ಆ ಫೋಟೋ ಗೋಡೆಯಿಂದ ತೆಗೆದ್ರೆ ಸರಿಯಾಗ್ತದೆ ಸಾರ್."

"ಫೋಟೋದ ವಿಷಯ ಅಲ್ಲ ಇದು. ಮನಸ್ಸಿನ ವಿಷಯ."

ಮನಸ್ಸಿನ ವಿಷಯಕ್ಕೆ ಕೊಪ್ಪದಲ್ಲಿ ಒಂದು ತರಬೇತಿ ಇತ್ತು. ಮಕ್ಕಳಿಗೆ ಆಟ ಆಡಿಸಿ ಕೋಪ ತಡೆದುಕೊಳ್ಳುವುದನ್ನು ಕಲಿಸುವ ತರಬೇತಿ. ಅದಕ್ಕೆ ಅತಿಥಿ ಶಿಕ್ಷಕಿ ಅರ್ಪಣಾಳನ್ನು ಕಳಿಸಿದರು. ಬೇಗಾರಿನ ಕಡೆಯ ಹುಡುಗಿ, ಆ ವರ್ಷವೇ ಬಂದವಳು. ದಿನಾ ಎರಡು ಬಸ್ಸು ಹತ್ತಿ ಇಳಿದು ಬರುತ್ತಿದ್ದಳು. ಪಾಪದ ಹುಡುಗಿ, ಕಲಿತು ಬಂದದ್ದನ್ನು ಒಂದೂ ಬಿಡದೆ ಮಾಡಿಸಿದಳು.

ಮೊದಲು ಬಲೂನಿನ ಆಟ. ಕೋಪ ಬಂದಷ್ಟೂ ಊದುವುದು, ಆಮೇಲೆ ಮೆಲ್ಲಗೆ ಗಾಳಿ ಬಿಡುವುದು. ಬಲೂನು ಬಿಟ್ಟ ಸದ್ದಿಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಆಮೆ ಆಟ. ಸಿಟ್ಟು ನೆತ್ತಿಗೇರಿದರೆ ಕೂತು, ಕೈಕಾಲು ಒಳಗೆ ಎಳೆದುಕೊಂಡು, ತಲೆ ಮೊಣಕಾಲಿಗೆ ತಾಗಿಸಿ, ಒಳಗೇ ಉಸಿರು ಎಳೆದು ಬಿಡುವುದು. ಮನಸ್ಸು ತಣ್ಣಗಾದ ಮೇಲೇ ಹೊರಗೆ ಬರಬೇಕು. ಆಮೆಯಾದವರನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭೈರಮ್ಮನಿಗೂ ಅದು ಚಂದ ಕಂಡಿತು.

ಮೂರನೆಯದು ಕಲ್ಲಿನ ಆಟ. ಎಡವಟ್ಟಾದದ್ದು ಅಲ್ಲಿ.

ಹಳ್ಳದಿಂದ ಒಬ್ಬೊಬ್ಬರೂ ಒಂದೊಂದು ಕಲ್ಲು ಆರಿಸಿ ತರಬೇಕು. ಯಾರ ಮೇಲೆ ಕೋಪ, ಯಾಕೆ ಕೋಪ ಅಂತ ಕಲ್ಲಿಗೆ ಪಿಸುಗುಟ್ಟಬೇಕು. ಅದನ್ನು ಒಂದು ಮರದ ಬುಡದಲ್ಲಿಟ್ಟು, ತಿರುಗಿ ನೋಡದೆ ಬರಬೇಕು. ಕೋಪ ಅಲ್ಲೇ ಉಳಿಯುತ್ತದೆ, ನೀವು ಹಗುರ ಆಗುತ್ತೀರಿ ಅಂದಳು ಅರ್ಪಣಾ. ಮರ ಯಾವುದು ಅಂತ ಸುತ್ತ ನೋಡಿ, ಶಾಲೆಯ ಹಿಂದಿನ ದೊಡ್ಡ ರಂಜಲ ಮರ ತೋರಿಸಿದಳು.

ಆ ಮರದ ಬುಡದಲ್ಲಿ ಚೌಡಿ ಇದ್ದಾಳೆ. ಗುಡಿಯಿಲ್ಲ, ಗಂಟೆಯಿಲ್ಲ. ಪಾಚಿ ಹಿಡಿದ ಒಂದು ಕಲ್ಲು, ಅಷ್ಟೇ. ದೀಪಾವಳಿಯಲ್ಲಿ ಊರವರು ಎಡೆ ಇಡುವಾಗ ಕುಂಕುಮ ಕಾಣುತ್ತದೆ. ಮಾಗಿ ಬರುವಷ್ಟರಲ್ಲಿ ತರಗೆಲೆ ಮುಚ್ಚಿರುತ್ತದೆ. ಅರ್ಪಣಾಳ ಊರಲ್ಲಿ ಚೌಡಿಗೆ ತಗಡಿನ ಮಾಡು, ಕಬ್ಬಿಣದ ಬಾಗಿಲು ಎಲ್ಲ ಇದೆ. ಇದು ಚೌಡಿ ಅಂತ ಅವಳಿಗೆ ಹೊಳೆಯಲೇ ಇಲ್ಲ. ಅಲ್ಲದೆ ಇಲ್ಲಿನವರ ಪದ್ಧತಿಯೊಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅನ್ಯಾಯ ಆದವರು, ಯಾರ ಹತ್ತಿರವೂ ಹೇಳಿಕೊಳ್ಳಲು ಆಗದವರು, ಒಂದು ಕಲ್ಲು ತಂದು ಹೆಸರು ಹೇಳಿ ಅಲ್ಲಿಟ್ಟು, ತಿರುಗಿ ನೋಡದೆ ಬರುತ್ತಾರೆ. ಹಾಗೆ ಇಟ್ಟರೆ ಚೌಡಿಗೆ ದೂರು ಕೊಟ್ಟ ಹಾಗೆ. ಇಟ್ಟವರೇ ಬಂದು ಮನಸಾರೆ ತೆಗೆಯುವ ತನಕ ಆ ದೂರು ನಿಂತೇ ಇರುತ್ತದೆ. ಬೇರೆಯವರು ಮುಟ್ಟಿದರೆ ಮುಟ್ಟಿದವರ ಮೇಲೇ ಬರುತ್ತದೆ.

ಮಕ್ಕಳು ಸಾಲಾಗಿ ಕಲ್ಲಿಟ್ಟು ಬರುವುದನ್ನು ಭೈರಮ್ಮ ನೋಡಿದಳು. ಹೇಳೋಣ ಅಂತ ಎರಡು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ಮಹಿಮಾ ಓಡಿ ಬಂದು ತಟ್ಟೆ ಹಿಡಿದಳು. ಸ್ವೆಟರ್ ದಿನದಿಂದ ಸರಿಯಾಗಿ ಉಣ್ಣದಿದ್ದ ಕೂಸು, "ಅಜ್ಜಿ, ಇನ್ನೊಂಚೂರು ಸಾರು ಬಿಡೇ" ಅಂದಳು. ಮುಖ ತೊಳೆದ ಹಾಗಿತ್ತು. ಭೈರಮ್ಮ ಸಾರು ಬಿಟ್ಟಳು, ಸುಮ್ಮನಾದಳು.

ಮಹಿಮಾ ಅದಾದ ಮೇಲೆ ಯಾರಿಗೂ ಕಚ್ಚಲಿಲ್ಲ. ಅರ್ಪಣಾ ಟೀಚರಿಗೆ ಹೆಡ್‌ಮೇಷ್ಟ್ರು ಚಪ್ಪಾಳೆ ತಟ್ಟಿಸಿದರು.

ಸ್ವಲ್ಪ ದಿನ ಕಳೆದಿತ್ತು. ಯಜ್ಞೇಶಯ್ಯನಿಗೆ ಸರ್ಪಸುತ್ತು ಎದ್ದಿತು. ಹೊಟ್ಟೆಯ ಬಲಗಡೆಯಿಂದ ಹಿಡಿದು ಬೆನ್ನಿನವರೆಗೆ ಗುಳ್ಳೆ, ಉರಿ, ಕೀವು. ಡಾಕ್ಟರು ಮಾತ್ರೆ ಕೊಟ್ಟು, ಇದು ಬರುವಂಥದ್ದೇ, ಹೋಗುತ್ತದೆ ಅಂದರು. ಅವರಿಗೆ ಸಮಾಧಾನ ಆಗಲಿಲ್ಲ. ನರಸಿಂಹರಾಜಪುರದ ಕಡೆ ಕವಡೆ ಹಾಕುವವರೊಬ್ಬರ ಹತ್ತಿರ ಹೋದರು. ಕವಡೆಯವರು ಕಣ್ಣು ಮುಚ್ಚಿ, "ನಿಮ್ಮ ಹೆಸರು ಒಂದು ಮರದಡಿ ಕೂತಿದೆ. ಇಟ್ಟದ್ದು ದೊಡ್ಡ ಕೈ ಅಲ್ಲ" ಅಂದರಂತೆ. ಕಲ್ಲಿನ ಆಟದ ಸುದ್ದಿ ಅಷ್ಟು ಹೊತ್ತಿಗೆ ಮಕ್ಕಳ ಬಾಯಿಂದ ಊರು ತುಂಬ ಆಗಿತ್ತು. ಕವಡೆಯವರ ಕಿವಿಗೆ ಬೀಳದೆ ಇರುತ್ತದಾ?

ಮಾರನೆಯ ಬೆಳಿಗ್ಗೆಯೇ ಯಜ್ಞೇಶಯ್ಯ ಶಾಲೆಗೆ ಬಂದರು. ಅಂಗಿ ತಾಗಿದರೆ ಉರಿ ಅಂತ ಗುಂಡಿ ಹಾಕಿರಲಿಲ್ಲ. ಹೊಟ್ಟೆಯ ಮೇಲೆ ಕೆಮ್ಮಣ್ಣು ಮೆತ್ತಿ, ಅದು ಒಣಗಿ ಬಿರುಕು ಬಿಟ್ಟು, ಬಿರುಕಿನೊಳಗಿಂದ ನೀರು ಜಿನುಗುತ್ತಿತ್ತು. ಹೆಡ್‌ಮೇಷ್ಟ್ರ ಕುರ್ಚಿಯಲ್ಲೇ ಕೂತು, ಭೈರಮ್ಮ ತಂದಿಟ್ಟ ಚಹಾ ಸೊರ್ರೆಂದು ಎಳೆದರು. ರೋಗಕ್ಕೆ ಅಸಹ್ಯ ಪಡಬಾರದು, ಯಾರಿಗೂ ಬರುವಂಥದ್ದು ಅಂತ ಭೈರಮ್ಮನಿಗೂ ಗೊತ್ತು. ಅವಳಿಗೆ ಹೇಸಿಗೆಯಾದದ್ದು ಗುಳ್ಳೆಗಲ್ಲ, ಅವರ ಕಣ್ಣಿಗೆ. ಹುಡುಗರ ಮುಖದ ಮೇಲೆ ಒಂದೊಂದಾಗಿ ಆ ಕಣ್ಣು ತಿರುಗುತ್ತಿತ್ತು, ಕಳ್ಳನನ್ನು ಹುಡುಕುವ ಹಾಗೆ.

"ಯಾರು ನನ್ನ ಹೆಸರು ಹೇಳಿದ್ದು?"

ಅರ್ಪಣಾ ಹೇಳಿದಳು, "ಅದು ಕೇಳೋ ಹಾಗಿಲ್ಲ ಸಾರ್. ಗುಟ್ಟಾಗಿರ್ತದೆ ಅಂತ ಮಕ್ಕಳಿಗೆ ಮಾತು ಕೊಟ್ಟಿದೀನಿ."

"ಮಾತು ನೀನು ಕೊಟ್ಟದ್ದು. ಉರಿ ಆಗ್ತಿರೋದು ನನಗೆ!"

ಹೆಡ್‌ಮೇಷ್ಟ್ರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಕೈಗೊಂದು ಪೆಪ್ಪರ್‌ಮೆಂಟು ಕೊಟ್ಟು, ತಲೆ ಸವರಿ, ಯಾರ ಹೆಸರು ಹೇಳಿದೆ ಮರೀ ಅಂತ ಕೇಳಿದರು. ಪೆಪ್ಪರ್‌ಮೆಂಟಿನ ಕಾಗದ ಬಾಗಿಲ ಹೊರಗೆ ಬೀಳುತ್ತಾ ಹೋಯಿತು. ಒಬ್ಬ ಅಪ್ಪನ ಹೆಸರು, ಒಬ್ಬಳು ಚಿಕ್ಕಮ್ಮನ ಹೆಸರು. ಇಬ್ಬರು ಹೆಡ್‌ಮೇಷ್ಟ್ರ ಹೆಸರನ್ನೇ ಹೇಳಿದ್ದರು. ಅದು ತಿಳಿದ ಮೇಲೆ ಅವರ ತಲೆ ಸವರುವ ಕೈ ನಿಂತಿತು.

ಸಂಜೆಯಷ್ಟರಲ್ಲಿ ಶಾಲೆಯ ಜಗಲಿಯ ತುಂಬ ಜನ. ತಂತಮ್ಮ ಹೆಸರು ಇದೆಯಾ ಅಂತ ಕೇಳಲು ಬಂದವರು. ಅಂಗಡಿ ವಾಸಪ್ಪ ಮಗನ ಕಿವಿ ಹಿಡಿದುಕೊಂಡೇ ಬಂದಿದ್ದ.

"ನನ್ನ ಹೆಸರು ಹೇಳಿದ್ಯಂತಲ್ಲೋ, ಹೆತ್ತ ಅಪ್ಪನ ಹೆಸರು!"

"ನೀನು ಕರು ಮಾರಿದ್ಯಲ್ಲಾ, ನನ್ನ ಕರು..."

"ಕರುವೋ ಎಮ್ಮೆಯೋ, ಮೊದಲು ಹೋಗಿ ಕಲ್ಲು ತೆಗಿ!"

ಲೈನ್‌ಮನ್ ಸೋಮನಾಥ್ ಮಗಳ ಬೆನ್ನಿಗೆ ಎರಡು ಬಿಗಿದು, ಎಲ್ಲರ ಕಡೆ ತಿರುಗಿ ಹೇಳಿದ, "ನಮ್ಮನೇಲಿ ಕೋಪ ಅನ್ನೋದೇ ಇಲ್ಲ ಮಾರಾಯ್ರೇ. ಇವಳು ಎಲ್ಲಿಂದ ಕಲಿತ್ಲೋ!"

ಯಾರೋ ಕಿಸಕ್ಕೆಂದರು. ಅವನಿಗೆ ಅರ್ಥ ಆಗಲಿಲ್ಲ.

ಭೈರಮ್ಮ ಪಾತ್ರೆ ತಿಕ್ಕುತ್ತಾ ಕೇಳುತ್ತಿದ್ದಳು. ಇಷ್ಟು ಜನರಲ್ಲಿ ಒಬ್ಬರಾದರೂ, ಮಗಾ ನಾನು ನಿನಗೆ ಎಂತ ಮಾಡಿದೆ ಅಂತ ಕೇಳುತ್ತಾರಾ ಅಂತ ಕಾದಳು. ಒಬ್ಬರೂ ಕೇಳಲಿಲ್ಲ. ಹೊತ್ತು ಮುಳುಗುವುದರೊಳಗೆ ಮಕ್ಕಳನ್ನೆಲ್ಲ ಮರದಡಿಗೆ ಎಳೆದುಕೊಂಡು ಹೋಗಿ, ಅವರವರ ಕಲ್ಲನ್ನು ಅವರವರ ಕೈಯಲ್ಲೇ ಎತ್ತಿಸಿ ಹಳ್ಳಕ್ಕೆ ಎಸೆಸಿದರು. ಮಕ್ಕಳು ಅತ್ತುಕೊಂಡು ಎಸೆದರು. ಹಗುರವಾಗಲಿ ಅಂತ ಇಟ್ಟದ್ದನ್ನು ಮತ್ತೆ ಹೊರಿಸಿ ಕಳಿಸಿದ ಹಾಗಾಯಿತು.

ಒಂದು ಕಲ್ಲು ಉಳಿಯಿತು.

"ಅದು ನಂದು," ಅಂದಳು ಮಹಿಮಾ. ಪೆಪ್ಪರ್‌ಮೆಂಟು ಅವಳ ಮುಷ್ಟಿಯಲ್ಲೇ ಕರಗುತ್ತಿತ್ತು, ತಿಂದಿರಲಿಲ್ಲ. "ನಾನೇ ಯಜ್ಞೇಶಯ್ನೋರ ಹೆಸರು ಹೇಳಿದ್ದು. ತೆಗೆಯಲ್ಲ."

ಶುಕ್ರವಾರ ಚೌಡಿಗೆ ಕಾಯಿ ಒಡೆದು, ಮಹಿಮಾ ತಪ್ಪಾಯಿತು ಅಂತ ಕಾಲಿಗೆ ಬಿದ್ದು ಕಲ್ಲು ತೆಗೆಯಬೇಕು ಅಂತ ಯಜ್ಞೇಶಯ್ಯ ಹೇಳಿ ಹೋದರು. ಮಾರನೆಯ ದಿನ ಹೆಡ್‌ಮೇಷ್ಟ್ರು ಅಡುಗೆಮನೆಗೆ ಬಂದರು. ಒಗ್ಗರಣೆ ವಾಸನೆಗೆ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತರು.

"ಭೈರಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಅಡುಗೆಯವರನ್ನ ಇಡೋದು ಬಿಡೋದು ಕಮಿಟಿ ಕೈಲಿದೆ. ಅಧ್ಯಕ್ಷರು ಮನಸ್ಸು ಮಾಡಿದ್ರೆ..."

"ಗೊತ್ತುಂಟು ಸಾರ್."

"ಟೀಚರಿಗೂ ಹೇಳಿದೀನಿ. ಇದನ್ನ ನಾವು ಒಂದು ಆಟದ ಹಾಗೆ ಮಾಡುವ. ಕ್ಷಮೆ ಕೇಳೋ ಆಟ. ಕೋಪದ ಆಟದ ಮುಂದಿನ ಭಾಗ ಅಂತ ಮಕ್ಕಳಿಗೂ ಹೇಳಿದ್ರಾಯ್ತು. ಯಾರಿಗೂ ಬೇಜಾರಿಲ್ಲ."

ಇದನ್ನು ಹೇಳಿ ಅವರು ನಕ್ಕರು. ಎಷ್ಟು ಚಂದ ಹೊಂದಿಸಿದೆ ನೋಡು ಅನ್ನುವ ನಗು. ಭೈರಮ್ಮ ಅವತ್ತು ಊಟ ಮಾಡಲಿಲ್ಲ. ಅನ್ನದ ಮುಂದೆ ಕೂತರೆ ಆ ನಗುವೇ ತಟ್ಟೆಯಲ್ಲಿ ಕಾಣುತ್ತಿತ್ತು.

ಸಂಜೆ ಮನೆಯ ಒಲೆ ಮುಂದೆ ಮೊಮ್ಮಗಳ ತಲೆ ಬಾಚುತ್ತಾ ಕೇಳಿದಳು, "ಎಂತ ಮಾಡ್ತಿ ಮಗಾ?"

"ನಾನು ತೆಗೆಯದಿದ್ರೆ ನಿನ್ನ ಕೆಲಸ ಹೋಗ್ತದನಾ ಅಜ್ಜಿ?"

ಮಕ್ಕಳ ಕಿವಿಗೆ ಎಲ್ಲ ಬಿದ್ದಿರುತ್ತದೆ. ಭೈರಮ್ಮ ಸುಳ್ಳು ಹೇಳಲಿಲ್ಲ. "ಹೋದ್ರೂ ಹೋಗ್ತದೆ."

"ಅವರಿಗೆ ಉರಿ ಆಗ್ಲಿ ಅಂತ ನಾನು ಹೇಳಿರ್ಲಿಲ್ಲ ಅಜ್ಜಿ. ಅವರು ನನ್ನ ಫ್ರಾಕ್ ಬಿಚ್ಚಿಸಿದ್ರು ಅಂತ ಹೇಳಿದೆ. ಅಷ್ಟೇ. ಅದು ತಪ್ಪಾ?"

"ಅಲ್ಲ."

"ಮತ್ತೆ ತಪ್ಪಾಯ್ತು ಅಂತ ಹೆಂಗೆ ಹೇಳ್ಲಿ?"

ಬಾಚಣಿಗೆ ಕೂದಲಲ್ಲಿ ಸಿಕ್ಕಿ ನಿಂತಿತು. ಭೈರಮ್ಮನಿಗೆ ಆ ಶಾಲೆಯ ಒಲೆ, ಆ ಪಾತ್ರೆ ಬಿಟ್ಟರೆ ಬೇರೆ ಬದುಕು ಗೊತ್ತಿಲ್ಲ. ಕೂಸಿಗೆ, ಒಂದು ಸಲ ಬಗ್ಗಿ ಬಿಡು ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕೆಟ್ಟ ರುಚಿ ಅದು, ನುಂಗಿದಳು.

"ನಾಡಿದ್ದು ನಾನೂ ಬರ್ತೀನಿ. ನಿನಗೆ ಹೆಂಗೆ ತೋಚ್ತದೋ ಹಂಗೆ ಮಾಡು."

ಶುಕ್ರವಾರ ಬಿಸಿಲು ಏರಿದ ಮೇಲೆ ಎಲ್ಲರೂ ರಂಜಲ ಮರದಡಿ ಸೇರಿದರು. ತರಗೆಲೆ ಗುಡಿಸಿ ಚೌಡಿಗೆ ಕುಂಕುಮ ಹಚ್ಚಿದ್ದರು. ಮಹಿಮಾಳ ಕಲ್ಲು ಒಂದೇ ಪಕ್ಕದಲ್ಲಿತ್ತು, ಬೋರಲಾದ ಬಟ್ಟಲಿನಷ್ಟು ದೊಡ್ಡದು. ಯಜ್ಞೇಶಯ್ಯ ಪಂಚೆಯ ಮೇಲೆ ಬರೀ ಒಂದು ವಸ್ತ್ರ ಹೊದ್ದು ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು.

ಭೈರಮ್ಮ ಮುಂದೆ ಬಂದು ಕೈ ಮುಗಿದಳು. "ಅಯ್ನೋರೇ, ಕೂಸು ಕಲ್ಲು ಯಾಕಿಟ್ಟಿತು ಅಂತ ಒಂದ್ಸಲ ಅವಳನ್ನ ಕೇಳಿ. ಅಷ್ಟು ಕೇಳಿದ್ರೆ ಸಾಕು. ಅವಳು ತೆಗೆದ್ರೂ ತೆಗೀತಾಳೆ."

"ಯಾಕಾದ್ರೂ ಇಟ್ಟಿರ್ಲಿ, ಅದೆಲ್ಲ ನನಗೆ ಎಂತಕ್ಕೆ? ತೆಗೆದ್ರಾಯ್ತು."

"ನೆನಪಿಲ್ವಾ ನಿಮಗೆ?"

"ಎಂತದ್ದು?"

ನಿಜವಾಗಿ ನೆನಪಿರಲಿಲ್ಲ ಅವರಿಗೆ. ಮುಖ ನೋಡಿದರೆ ತಿಳಿಯುತ್ತಿತ್ತು. ಸುಳ್ಳು ಹೇಳಿದ್ದರೆ ಭೈರಮ್ಮನಿಗೆ ಇಷ್ಟು ಅಸಹ್ಯ ಆಗುತ್ತಿರಲಿಲ್ಲ.

ಅವರು ಕವರಿನಿಂದ ಒಂದು ಹೊಸ ಫ್ರಾಕು ತೆಗೆದರು. ಹಳದಿ ಬಣ್ಣದ್ದು, ಮಿಣಿಮಿಣಿ ಮಿಂಚುವಂಥದ್ದು. "ಇಗಾ, ನಿನಗೇ ತಂದದ್ದು. ಮನಸ್ಸಲ್ಲಿ ಎಂತದೂ ಇಟ್ಕೋಬೇಡ. ಹಿಡ್ಕೋ." ಮಹಿಮಾಳ ಕೈಗೆ ಅದನ್ನು ತುರುಕಿದವರೇ, ಅಭ್ಯಾಸದ ಬಲವೋ ಏನೋ, ಸೊಂಟದಿಂದ ಮೊಬೈಲ್ ತೆಗೆದು ಹಿಂದಕ್ಕೆ ಚಾಚಿದರು.

"ವಾಸಪ್ಪ, ಒಂದು ತೆಗಿ ಮಾರಾಯ. ಇವಳು ಫ್ರಾಕ್ ಹಿಡಿದದ್ದು ಸರಿಯಾಗಿ ಬರ್ಲಿ. ನನ್ನ ಗುಳ್ಳೆ ಕಾಣೋದು ಬೇಡ."

ವಾಸಪ್ಪ ಮೊಬೈಲ್ ಎತ್ತಿ ಹಿಡಿದ.

ಫ್ರಾಕು ನೆಲಕ್ಕೆ ಬಿತ್ತು. ಮಹಿಮಾ ನಿಂತಲ್ಲೇ ಕುಸಿದು ಕೂತಳು. ಕೈ ಒಳಗೆ ಎಳೆದುಕೊಂಡಳು, ಕಾಲು ಒಳಗೆ ಎಳೆದುಕೊಂಡಳು, ತಲೆ ಮೊಣಕಾಲಿಗೆ ಒತ್ತಿದಳು. ಬೆನ್ನು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು.

"ಎಂತ ನಾಟಕ ಇದು? ಏಳೇ!"

"ಏಳ್ಸಿ ಅವಳನ್ನ," ಅಂದರು ಹೆಡ್‌ಮೇಷ್ಟ್ರು. "ಟೀಚರ್, ನೀವೇ ಹೇಳಿ. ಕ್ಷಮೆ ಕೇಳೋ ಆಟ ಶುರು ಮಾಡಿ."

ಅರ್ಪಣಾಳ ಮುಖ ಬೂದಿಯ ಹಾಗಿತ್ತು. ಅವಳು ಮಹಿಮಾಳ ಹತ್ತಿರ ಬಂದಳು. ಬಗ್ಗಿ ಎಬ್ಬಿಸುತ್ತಾಳೆ ಅಂತ ಎಲ್ಲರೂ ಅಂದುಕೊಂಡರು. ಅವಳು ಹುಡುಗಿಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ನಿಂತಳು.

"ಕ್ಷಮೆ ಕೇಳೋ ಆಟ ನನಗೆ ಯಾರೂ ಕಲಿಸಿಲ್ಲ ಸಾರ್. ಈಗ ನಡೀತಿರೋದು ಆಮೆ ಆಟ. ಇದರಲ್ಲಿ ಯಾರೂ ಮುಟ್ಟೋ ಹಾಗಿಲ್ಲ."

"ಟೀಚರ್, ಏನು ಮಾತಾಡ್ತಿದೀರಿ ಅಂತ ಗೊತ್ತುಂಟಾ?"

"ಗೊತ್ತುಂಟು."

ಭೈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಮ್ಮಗಳ ಪಕ್ಕ ನೆಲಕ್ಕೆ ಕೂತಳು. ಮುಟ್ಟಲಿಲ್ಲ. ಸುಮ್ಮನೆ ಕೂತಳು, ಹಾಲು ಉಕ್ಕುವುದನ್ನು ಕಾಯುವವಳ ಹಾಗೆ.

ಯಜ್ಞೇಶಯ್ಯ ಬೈದರು. ಆಮೇಲೆ ಬೇಡಿಕೊಂಡರು. ಆಮೇಲೆ ಮತ್ತೆ ಬೈದರು. ಬೈಗುಳದಲ್ಲೂ ಬೇಡಿಕೆಯಲ್ಲೂ ಅವರ ಗುಳ್ಳೆಯ ಮಾತು ಇತ್ತು, ಅವರ ಹೆಸರಿನ ಮಾತು ಇತ್ತು. ಹುಡುಗಿಯ ಮಾತು ಇರಲಿಲ್ಲ. ತಾವೇ ಕಲ್ಲಿಗೆ ಕೈ ಚಾಚಿ, ಮುಟ್ಟಲು ಧೈರ್ಯ ಸಾಲದೆ ಕೈ ಹಿಂದೆ ತೆಗೆದರು. ವಾಸಪ್ಪನಿಗೆ ತೆಗೆ ಅಂದರು. ವಾಸಪ್ಪ ಮೊಬೈಲ್ ಅವರ ಕೈಗೇ ಕೊಟ್ಟು, ಅಂಗಡಿ ಬಾಗಿಲು ತೆರೆದಿಟ್ಟು ಬಂದಿದ್ದೇನೆ ಅಂತ ಹೊರಟುಬಿಟ್ಟ. ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಬಿಸಿಲು ನೆತ್ತಿಗೆ ಬಂದಾಗ ಮರದಡಿ ಉಳಿದದ್ದು ಮೂರೇ ಜನ.

ಮಹಿಮಾ ಮೆಲ್ಲಗೆ ತಲೆ ಹೊರಗೆ ಹಾಕಿದಳು. "ಹೋದ್ರಾ?"

"ಹೋದ್ರು," ಅಂದಳು ಭೈರಮ್ಮ.

"ಕೋಪ ಇನ್ನೂ ಉಂಟು ಟೀಚರ್."

ಅರ್ಪಣಾ ಅವಳ ಪಕ್ಕದಲ್ಲೇ ಕೂತಳು. "ಇರ್ಲಿ ಬಿಡು. ನನಗೂ ಉಂಟು."

ಗುಳ್ಳೆ ಬರುವಂಥದ್ದೇ ಅಂದಿದ್ದರಲ್ಲ ಡಾಕ್ಟರು, ಹಾಗೇ ಒಣಗಿ ಹೋಯಿತು. ಶೃಂಗೇರಿಯಲ್ಲಿ ಪೂಜೆ ಮಾಡಿಸಿದ್ದಕ್ಕೆ ಹೋಯಿತು ಅಂತ ಯಜ್ಞೇಶಯ್ಯ ಹೇಳಿಕೊಂಡು ತಿರುಗಿದರು. ಆ ಪೂಜೆಯ ಫೋಟೋ ಎಲ್ಲರ ಮೊಬೈಲಿಗೂ ಬಂತು. ಶಾಲೆಯಲ್ಲಿ ಕೋಪದ ಆಟಗಳನ್ನು ನಿಲ್ಲಿಸಿದರು. ಮಕ್ಕಳು ಈಗ ಬಹಳ ಶಾಂತವಾಗಿದ್ದಾರೆ ಅಂತ ಹೆಡ್‌ಮೇಷ್ಟ್ರು ಮೇಲಿನವರಿಗೆ ಬರೆದು ಕಳಿಸಿದರಂತೆ.

ಅರ್ಪಣಾ ಟೀಚರನ್ನು ಆ ಶುಕ್ರವಾರದ ಮರುದಿನವೇ ಬಿಡಿಸಿದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಅವಳು ಹೋದಳು. ಭೈರಮ್ಮನಿಗೆ ಸೋಮವಾರದಿಂದ ಅಡುಗೆಗೆ ಬರಬೇಡ ಅಂತ ಹೇಳಿ ಕಳಿಸಿದರು. ಗಂಗಾಲಕ್ಷ್ಮಿ ಬಂದು, ಬಾಳೆಹೊನ್ನೂರಿನಲ್ಲಿ ಒಂದು ಕೋಣೆ ನೋಡಿದೀನಿ, ಅಲ್ಲೇ ಶಾಲೆಗೆ ಸೇರಿಸುವ ಅಂದಳು. ಅಜ್ಜಿ ಮೊಮ್ಮಗಳು ಇಬ್ಬರೂ ಬುಧವಾರ ಹೊರಟರು. ಮಹಿಮಾಳ ಕಲ್ಲು ಚೌಡಿಯ ಪಕ್ಕದಲ್ಲಿ ಇಟ್ಟ ಹಾಗೇ ಇತ್ತು.